ಹಡಗಿನಿಂದ ಕಂಡ ದಡ

ಕಡಲ ಸಾಹಸವನ್ನು ಹೇಳಹೊರಟ ಕಾದಂಬರಿಯೊಂದು ಸಂಗೀತ ಕಚೇರಿಯಿಂದ ಆರಂಭವಾಗುತ್ತದೆ. ಕಾಲ 1800ರ ಏಪ್ರಿಲ್. ಸ್ಥಳ ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದಲ್ಲಿರುವ ಪೋರ್ಟ್ ಮಹೋನ್ ಬಂದರು, ಅಲ್ಲಿನ ಗವರ್ನರನ ಮನೆ. ಲೊಕಾಟೆಲ್ಲಿಯ ರಚನೆಯೊಂದನ್ನು ನಾಲ್ವರು ವಾದಕರು ನುಡಿಸುತ್ತಿದ್ದಾರೆ. ಕೇಳುಗರ ನಡುವೆ ಕುಳಿತ ದಢೂತಿ ನೌಕಾಧಿಕಾರಿಯೊಬ್ಬ ಮೈಮರೆತು ತಾಳ ಹಾಕುತ್ತಿದ್ದಾನೆ. ಆದರೆ ಅವನ ತಾಳ ವಾದಕರಿಗಿಂತ ತುಸು ಮುಂದೆ ಓಡುತ್ತಿದೆ. ಪಕ್ಕದ ಕುರ್ಚಿಯ ಸಣಕಲು ವ್ಯಕ್ತಿ ಸಹಿಸಲಾರದೆ ಮೊಣಕೈಯಿಂದ ತಿವಿಯುತ್ತಾನೆ. ಮಾತು ದ್ವಂದ್ವಯುದ್ಧದ ಅಂಚಿಗೆ ಹೋಗುತ್ತದೆ. ಅದೇ ರಾತ್ರಿ ಅಧಿಕಾರಿಗೆ ಒಂದು ಪುಟ್ಟ ಹಡಗಿನ ನಾಯಕತ್ವ ದೊರೆತ ಪತ್ರ ಬರುತ್ತದೆ. ಮರುದಿನ ಬೀದಿಯಲ್ಲಿ ಎದುರಾದ ಅದೇ ಸಣಕಲು ಮನುಷ್ಯನಲ್ಲಿ ಅವನು ಸಂತೋಷದ ಭರದಲ್ಲಿ ಕ್ಷಮೆ ಕೇಳುತ್ತಾನೆ. ಆ ಮನುಷ್ಯ ವೈದ್ಯ, ಕೈಯಲ್ಲಿ ಕಾಸಿಲ್ಲದವನು. ಹಡಗಿಗೊಬ್ಬ ವೈದ್ಯ ಬೇಕಾಗಿದೆ.

ಇದು ಪ್ಯಾಟ್ರಿಕ್ ಓಬ್ರಿಯನ್ನನ ‘ಮಾಸ್ಟರ್ ಅಂಡ್ ಕಮ್ಯಾಂಡರ್’. 1969ರಲ್ಲಿ ಪ್ರಕಟವಾದ ಈ ಕೃತಿಯಿಂದ ಆರಂಭಿಸಿ ಕ್ಯಾಪ್ಟನ್ ಜ್ಯಾಕ್ ಆಬ್ರಿ ಮತ್ತು ವೈದ್ಯ ಸ್ಟೀಫನ್ ಮ್ಯಾಚುರಿನ್ ಎಂಬ ಇಬ್ಬರು ಗೆಳೆಯರ ಸುತ್ತ ಅವನು ಇಪ್ಪತ್ತು ಕಾದಂಬರಿಗಳನ್ನು ಪೂರ್ಣಗೊಳಿಸಿದ. 2000ದ ಜನವರಿಯಲ್ಲಿ ತೀರಿಕೊಂಡಾಗ ಇಪ್ಪತ್ತೊಂದನೆಯದು ಅರ್ಧಕ್ಕೆ ನಿಂತಿತ್ತು. ಅವನಿಗೂ ಮುಂಚೆ, 1937ರಿಂದ, ಸಿ. ಎಸ್. ಫಾರೆಸ್ಟರ್ ಹಾರ್ನ್‌ಬ್ಲೋವರ್ ಎಂಬ ನೌಕಾಧಿಕಾರಿಯನ್ನು ಸೃಷ್ಟಿಸಿ ಇದೇ ನೆಪೋಲಿಯನ್ ಕಾಲದ ಯುದ್ಧಗಳನ್ನು ಬರೆದಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ, ಸ್ವತಃ ಆ ಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಕ್ಯಾಪ್ಟನ್ ಮ್ಯಾರಿಯಟ್ ಬರೆದಿದ್ದ. ಇನ್ನೂರು ವರ್ಷಗಳ ಹಿಂದಿನ ಹಾಯಿಹಡಗುಗಳ ಈ ಕಥೆಗಳನ್ನು ಇಂದಿಗೂ ಜನ ಓದುತ್ತಾರೆ. ಈಜು ಬಾರದ ನಾನೂ ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದ್ದೇನೆ. ಏಕೆ ಎಂಬ ಪ್ರಶ್ನೆಗೆ ನನಗೆ ಸರಿಯೆನಿಸಿದ ಉತ್ತರವನ್ನೂ, ಆ ಓದಿನ ಸಂತೋಷದೊಳಗೆ ಮುಳ್ಳಿನಂತೆ ಉಳಿದಿರುವ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಸಾಮಾನ್ಯವಾಗಿ ಸಿಗುವ ಉತ್ತರ ಸ್ವಾತಂತ್ರ್ಯ ಎಂಬುದು. ದಿಗಂತದವರೆಗೆ ಹರಡಿದ ನೀರು, ಮನೆಮಠದ ಹಂಗಿಲ್ಲದ ಬದುಕು, ಗೊತ್ತಿಲ್ಲದ ದೇಶಗಳು. ಪುಸ್ತಕಗಳ ಮುಖಪುಟವೂ ಇದನ್ನೇ ಸಾರುತ್ತದೆ. ಆದರೆ ಒಳಹೊಕ್ಕು ಓದಿದವರಿಗೆ ಕಾಣುವುದು ಇದರ ವಿರುದ್ಧ. ಹಾಯಿಹಡಗಿನಷ್ಟು ಇಕ್ಕಟ್ಟಾದ, ಕಟ್ಟುಪಾಡಿನ ಜಾಗ ಇನ್ನೊಂದಿಲ್ಲ. ಬ್ರಿಟಿಷ್ ಯುದ್ಧನೌಕೆಯಲ್ಲಿ ನಾವಿಕನೊಬ್ಬ ತೂಗುಹಾಸಿಗೆ ಕಟ್ಟಿಕೊಳ್ಳಲು ನಿಯಮದಂತೆ ದೊರೆಯುತ್ತಿದ್ದ ಅಗಲ 14 ಅಂಗುಲ. ಅರ್ಧ ಗಂಟೆಗೊಮ್ಮೆ ಮರಳಿನ ಗಡಿಯಾರ ತಿರುಗಿಸಬೇಕು, ಗಂಟೆ ಬಾರಿಸಬೇಕು. ಎಂಟು ಗಂಟೆ ಬಾರಿಸಿದರೆ ನಾಲ್ಕು ತಾಸಿನ ಒಂದು ಪಾಳಿ ಮುಗಿಯಿತು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರೊಡನೆ ಉಣ್ಣಬೇಕು, ಯಾರು ಮೊದಲು ಮಾತಾಡಬಹುದು, ಎಲ್ಲಕ್ಕೂ ಕಟ್ಟಳೆಯಿದೆ. ತಪ್ಪಿದರೆ ಬೆನ್ನಿನ ಮೇಲೆ ಚಾಟಿ.

ಈ ಇಕ್ಕಟ್ಟಿನಿಂದಲೇ ಕಾದಂಬರಿಯ ರಸ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಹಡಗೆಂದರೆ ಊರುಬಿಟ್ಟು ಹೋಗಲಾಗದ ಒಂದು ಊರು. ಅಲ್ಲಿ ಜಗಳವಾಡಿದವನ ಮುಖವನ್ನೇ ಮರುದಿನವೂ ನೋಡಬೇಕು. ಕೂವೆಮರದ ತುದಿಯಲ್ಲಿ ಬಿರುಗಾಳಿಗೆ ಮೈಯೊಡ್ಡಿ ಹಾಯಿ ಸುತ್ತುವಾಗ ಪಕ್ಕದವನ ಕೈ ಜಾರಿದರೆ ತನ್ನ ಪ್ರಾಣ ಹೋಗುತ್ತದೆ. ಪ್ರತಿಯೊಬ್ಬನ ಕೆಲಸವೂ ಕಣ್ಣಿಗೆ ಕಾಣುತ್ತದೆ, ಅದರ ಫಲ ಅಂದೇ ತಿಳಿಯುತ್ತದೆ. ಕಚೇರಿಯ ಕಡತಗಳಲ್ಲಿ ನಮ್ಮ ಶ್ರಮ ಎಲ್ಲಿಗೆ ಹೋಯಿತು, ಯಾರಿಗೆ ಉಪಯೋಗವಾಯಿತು ಎಂಬುದು ತಿಳಿಯದೆ ನಿವೃತ್ತರಾಗುವ ನಮ್ಮಂಥವರಿಗೆ, ಹಗ್ಗದ ಗಂಟೊಂದು ಸರಿಯಾಗಿ ಬಿದ್ದದ್ದರಿಂದ ನೂರು ಜನ ಉಳಿದರು ಎಂಬ ಲೋಕ ಆಕರ್ಷಕವಾಗಿ ಕಂಡರೆ ಆಶ್ಚರ್ಯವೇನು?

ಎರಡನೆಯ ಆಕರ್ಷಣೆ ಗಾಳಿಯದು. ಈ ಕಾದಂಬರಿಗಳಲ್ಲಿ ನಿಜವಾದ ಪ್ರತಿನಾಯಕ ಫ್ರೆಂಚನೂ ಅಲ್ಲ, ಸ್ಪೇನಿನವನೂ ಅಲ್ಲ. ಗಾಳಿ ಬೀಸಬೇಕಾದ ದಿಕ್ಕಿನಿಂದ ಬೀಸುವುದಿಲ್ಲ, ಅಥವಾ ಬೀಸುವುದೇ ಇಲ್ಲ. ವಾರಗಟ್ಟಲೆ ಹಡಗು ಕನ್ನಡಿಯಂತಹ ನೀರಿನ ಮೇಲೆ ನಿಂತುಬಿಡುತ್ತದೆ; ಕುಡಿಯುವ ನೀರಿನ ಪಡಿತರ ಇಳಿಯುತ್ತದೆ. ಮೇಲಧಿಕಾರಿಗೆ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಳು ಬೇಕು. ಆದ್ದರಿಂದ ನಾಯಕನಾದವನು ತನಗೆ ತಿಳಿದಷ್ಟರಲ್ಲಿಯೇ ನಿರ್ಧರಿಸಬೇಕು. ತಪ್ಪಾದರೆ ಹೊಣೆಯೂ ಅವನದೇ. ದೂರ ಎಂಬುದಕ್ಕೆ ಅಲ್ಲಿ ತೂಕವಿದೆ. ಊರಿಂದ ಕಾಗದ ಬರುವುದನ್ನು ಹದಿನೈದು ದಿನ ಕಾಯುತ್ತಿದ್ದ ತಲೆಮಾರಿನವರಿಗೆ ಆ ತೂಕ ಗೊತ್ತು. ಈಗ ಎಲ್ಲವೂ ಕೈಯಲ್ಲಿರುವ ಫೋನಿನೊಳಗೆ ಬಂದು ಬೀಳುವುದರಿಂದ, ಅದನ್ನು ಅನುಭವಿಸಲು ನಾವು ಪುಸ್ತಕ ಬಿಡಿಸಬೇಕಾಗಿದೆ.

ಮೂರನೆಯದು ಮಾತು. ಓಬ್ರಿಯನ್ ಹಡಗಿನ ಪಾರಿಭಾಷಿಕ ಪದಗಳನ್ನು ವಿವರಿಸಲು ನಿಲ್ಲುವುದು ಕಡಿಮೆ. ಹತ್ತಾರು ಬಗೆಯ ಹಾಯಿಗಳ ಹೆಸರು, ಹಗ್ಗಗಳ ಹೆಸರು, ಮರದ ತೊಲೆಗಳ ಹೆಸರು ಪುಟಪುಟಕ್ಕೂ ಸುರಿಯುತ್ತವೆ. ಓದುಗನಿಗೆ ಇರುವ ಒಂದೇ ಸಮಾಧಾನವೆಂದರೆ ವೈದ್ಯ ಮ್ಯಾಚುರಿನ್. ಇಪ್ಪತ್ತು ಕಾದಂಬರಿಗಳುದ್ದಕ್ಕೂ ಹಡಗಿನಲ್ಲೇ ಬದುಕಿದರೂ ಅವನಿಗೆ ಎಡಬಲ ತಿಳಿಯುವುದಿಲ್ಲ. ದೋಣಿಯಿಂದ ಹಡಗಿಗೆ ಹತ್ತುವಾಗ ನೀರಿಗೆ ಬೀಳುತ್ತಾನೆ. ನಮಗೆ ತಿಳಿಯದ್ದು ಅವನಿಗೂ ತಿಳಿಯದು ಎಂಬ ಧೈರ್ಯದಲ್ಲಿ ಓದುತ್ತಾ ಹೋಗುತ್ತೇವೆ. ನೂರು ಪುಟ ಕಳೆಯುವಷ್ಟರಲ್ಲಿ ಅರ್ಧ ಪದಗಳು ತಾವಾಗಿಯೇ ಅರ್ಥವಾಗಿರುತ್ತವೆ. ಘಟ್ಟದ ಮೇಲಿನ ಓದುಗರು ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದ್ದೂ ಹೀಗೆಯೇ. ಓದುಗನನ್ನು ದಡ್ಡನೆಂದು ಭಾವಿಸದ ಲೇಖಕರು ಮಾತ್ರ ಇದನ್ನು ಮಾಡಬಲ್ಲರು.

ಕೊನೆಯದು, ಇದು ಕಟ್ಟುಕಥೆಯಾದರೂ ಅದರ ತಳದಲ್ಲಿ ದಾಖಲೆಯಿದೆ ಎಂಬ ಭರವಸೆ. ಮೊದಲ ಕಾದಂಬರಿಯಲ್ಲಿ ಆಬ್ರಿಯ ಪುಟ್ಟ ಹಡಗು ತನಗಿಂತ ಹಲವು ಪಟ್ಟು ದೊಡ್ಡದಾದ ಸ್ಪೇನಿನ ನೌಕೆಯನ್ನು ಸೆರೆಹಿಡಿಯುತ್ತದೆ. ಯಾವ ಕಾದಂಬರಿಕಾರನೂ ಇದನ್ನು ತಾನಾಗಿ ಕಲ್ಪಿಸಲು ಸಂಕೋಚಪಡುತ್ತಿದ್ದನೇನೋ. ಆದರೆ ಅದು ನಡೆದದ್ದು. 1801ರ ಮೇ 6ರಂದು ಬಾರ್ಸಿಲೋನಾದ ಬಳಿ ಥಾಮಸ್ ಕಾಕ್ರನ್ ಎಂಬ ಅಧಿಕಾರಿ 54 ಜನರಿದ್ದ ‘ಸ್ಪೀಡಿ’ ಎಂಬ ಹಡಗಿನಿಂದ 319 ಜನರಿದ್ದ ‘ಗಾಮೋ’ ನೌಕೆಯನ್ನು ಗೆದ್ದ. ‘ಸ್ಪೀಡಿ’ಯನ್ನು ಅವನು ಶತ್ರುವಿನ ಪಕ್ಕೆಗೆ ತಾಗುವಷ್ಟು ಹತ್ತಿರ ಒಯ್ದದ್ದರಿಂದ ಎತ್ತರದ ಹಡಗಿನ ಫಿರಂಗಿಗಳನ್ನು ಅಷ್ಟು ಕೆಳಕ್ಕೆ ಬಾಗಿಸಲಾಗದೆ ಗುಂಡುಗಳು ತಲೆಯ ಮೇಲಿಂದ ಹಾರಿಹೋದವು. ಬಳಿಕ ಎಲ್ಲರೂ ಶತ್ರುವಿನ ಹಡಗಿಗೆ ನುಗ್ಗಿದಾಗ ಚುಕ್ಕಾಣಿ ಹಿಡಿದು ‘ಸ್ಪೀಡಿ’ಯಲ್ಲಿ ಉಳಿದವನು ಹಡಗಿನ ವೈದ್ಯ ಒಬ್ಬನೇ. ಓಬ್ರಿಯನ್ ನೌಕಾಪಡೆಯ ಅಧಿಕಾರಿಯಾಗಿರಲಿಲ್ಲ. ಫ್ರಾನ್ಸಿನ ದಕ್ಷಿಣ ತುದಿಯ ಕೊಲಿಯೂರ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಹಡಗುಗಳ ದಿನಚರಿ, ಅಧಿಕಾರಿಗಳ ಪತ್ರ, ನೌಕಾ ಇತಿಹಾಸಗಳನ್ನು ಓದಿ ಅವನು ತನ್ನ ಕಡಲನ್ನು ಕಟ್ಟಿದ. ಸಮುದ್ರಕಾದಂಬರಿ ಬರೆಯಲು ಸಮುದ್ರದಷ್ಟೇ ಪತ್ರಾಗಾರವೂ ಮುಖ್ಯ ಎಂಬುದನ್ನು ಇಲ್ಲಿ ಗುರುತಿಸಿಟ್ಟುಕೊಳ್ಳೋಣ. ಮುಂದೆ ಈ ಮಾತು ಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಮುಳ್ಳಿನ ಮಾತು.

ಈ ಸರಣಿಯ ಮೂರನೆಯ ಕಾದಂಬರಿ, 1973ರ ‘ಎಚ್.ಎಂ.ಎಸ್. ಸರ್ಪ್ರೈಸ್’, ಬೊಂಬಾಯಿಗೆ ಬರುತ್ತದೆ. ಬಂದರಿನಲ್ಲಿ ಹಡಗಿನ ದುರಸ್ತಿ ನಡೆಯುತ್ತಿರುವಾಗ ಮ್ಯಾಚುರಿನ್ ಊರು ಸುತ್ತುತ್ತಾನೆ. ಅವನಿಗೆ ದಾರಿ ತೋರಿಸುವವಳು ದಿಲ್ ಎಂಬ ಬೀದಿಯ ಹುಡುಗಿ. ಚುರುಕು ನಾಲಿಗೆಯವಳು, ಈ ವಿಚಿತ್ರ ಪರದೇಶಿಯನ್ನು ಮಗುವಿನಂತೆ ಕೈಹಿಡಿದು ನಡೆಸುವವಳು. ಅವಳಿಗಿರುವುದು ಒಂದೇ ಆಸೆ: ಬೆಳ್ಳಿಯ ಬಳೆ. ಅವಳ ಭವಿಷ್ಯಕ್ಕೆ ಏನು ಮಾಡಬೇಕೆಂದು ಮ್ಯಾಚುರಿನ್ ಯೋಚಿಸುತ್ತಾನೆ; ಯೋಚನೆ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಕೊನೆಗೆ ಬಳೆ ಕೊಡಿಸುತ್ತಾನೆ. ಆ ಬಳೆಗಾಗಿಯೇ ಯಾರೋ ಅವಳನ್ನು ಕೊಲ್ಲುತ್ತಾರೆ. ಅವಳ ಶವದ ದಹನಕ್ಕೆ ವ್ಯವಸ್ಥೆ ಮಾಡುವವನೂ ಅವನೇ.

ನಾನು ಆ ಪುಟಗಳನ್ನು ಓದಿ ಮುಗಿಸಿ ಪುಸ್ತಕ ಮುಚ್ಚಿದಾಗ ರೈಲು ಬಂದರುಪಟ್ಟಿಯ ಗೋದಾಮುಗಳನ್ನು ಹಾದು ಹೋಗುತ್ತಿತ್ತು. ಸಾವಿರಾರು ಪುಟಗಳ ಸರಣಿಯಲ್ಲಿ ನಾನು ಬದುಕುವ ಊರು ಬಂದದ್ದು ಅಲ್ಲಿ. ಆ ಊರಿನ ಮುಖವಾಗಿ ನಿಂತವಳು ಆ ಹುಡುಗಿ. ಹಡಗು ಹಾಯಿ ಬಿಚ್ಚಿ ಮುಂದಕ್ಕೆ ಹೋಗುತ್ತದೆ. ಅದು ಹೋಗಲೇಬೇಕು, ಕಥೆ ಹಡಗಿನದು. ದಡ ದಡದಲ್ಲೇ ಉಳಿಯುತ್ತದೆ.

ಓಬ್ರಿಯನ್ನನ್ನು ಇಲ್ಲಿ ಹೀಗಳೆಯುವುದು ನನ್ನ ಉದ್ದೇಶವಲ್ಲ. ಸದುದ್ದೇಶದ ಒಬ್ಬ ಪರದೇಶಿಯ ಔದಾರ್ಯವೂ ತಾನು ಅರಿಯದ ನೆಲದಲ್ಲಿ ಕೊಲೆಗೆ ಕಾರಣವಾಗಬಹುದು ಎಂಬುದನ್ನು ಅವನು ಕಣ್ಣು ತಪ್ಪಿಸದೆ ಬರೆದಿದ್ದಾನೆ. ಸಾಹಸಕಥೆಗಳಲ್ಲಿ ಅಂಥ ಪ್ರಾಮಾಣಿಕತೆ ಅಪರೂಪ. ಆದರೂ ಆ ಹಡಗಿನ ಮೇಲಿನ ಕಣ್ಣಿಗೆ ಕಾಣದ್ದು ಬಹಳವಿದೆ. ಅದೇ ಕಾಲದಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು ಬ್ರಿಟಿಷರಿಗೆ ಹಡಗು ಕಟ್ಟಿಕೊಡುತ್ತಿದ್ದರು. ಇಂಗ್ಲೆಂಡಿನ ಓಕ್ ಮರ ಸಾಲದಾಗಿತ್ತು. ಮಲಬಾರಿನ ಕಡೆಯಿಂದ ಬಂದ ತೇಗ ಅದಕ್ಕಿಂತ ಬಾಳಿಕೆಯದಾಗಿತ್ತು. 1817ರಲ್ಲಿ ಇಲ್ಲಿ ನೀರಿಗಿಳಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಾ ಪ್ರವಾಸಿಗರನ್ನು ಬರಮಾಡಿಕೊಳ್ಳುತ್ತಿದೆ. 1842ರಲ್ಲಿ ಚೀನಾದ ಮೇಲೆ ಹೇರಿದ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ‘ಕಾರ್ನ್‌ವಾಲಿಸ್’ ಎಂಬ ಹಡಗಿನ ಮೇಲೆ; ಅದೂ ಬೊಂಬಾಯಿಯಲ್ಲೇ ಕಟ್ಟಿದ್ದು. ಹಾಯಿಹಡಗಿನ ರಮ್ಯತೆಗೆ ಸೋತ ನಮಗೆ ಆ ಹಡಗಿನ ಹಲಗೆ ಯಾವ ಕಾಡಿನದು, ಅದನ್ನು ಕೊರೆದ ಕೈ ಯಾರದು ಎಂಬ ಪ್ರಶ್ನೆ ಬೇಗನೆ ಹೊಳೆಯುವುದಿಲ್ಲ. ಕಥೆ ನಮ್ಮನ್ನು ನಾಯಕನ ಪಕ್ಕದಲ್ಲಿ ನಿಲ್ಲಿಸಿಕೊಂಡಿರುತ್ತದೆ.

ದಡವಾಗಿ ಉಳಿಯುವ ಈ ಅನುಭವ ನಮಗೆ ಹೊಸದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ಕ್ರಿ.ಶ. ಎರಡನೆಯ ಶತಮಾನದ್ದೆಂದು ಹೇಳಲಾಗುವ ಪಪೈರಸ್ ಹಾಳೆಯ ಗ್ರೀಕ್ ಪ್ರಹಸನದ ಬಗ್ಗೆ ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಸ್ ಎಂಬ ವಿದ್ವಾಂಸ ಹೇಳಿದ. ನಮ್ಮವರಲ್ಲಿ ಮಂಜೇಶ್ವರದ ಗೋವಿಂದ ಪೈಯವರೂ ಆ ಚರ್ಚೆಯನ್ನು ಕೈಗೆತ್ತಿಕೊಂಡರು. ಆ ಮಾತುಗಳು ಕನ್ನಡವೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಆ ಪ್ರಹಸನದ ಕಥೆಯೇನು ಎಂಬುದಕ್ಕೆ ನಾವು ಅಷ್ಟಾಗಿ ಗಮನ ಕೊಟ್ಟಂತಿಲ್ಲ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖರೀತಿಯೊನ್ ಎಂಬ ಗ್ರೀಕ್ ಯುವತಿಯನ್ನು ಬಿಡಿಸಿಕೊಂಡು ಹೋಗಲು ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಇಲ್ಲಿನ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಮತ್ತರಾಗಿ ಕುಣಿಯುತ್ತಿರುವಾಗ ಹಡಗೇರಿ ಪಾರಾಗುತ್ತಾರೆ. ಅಂದರೆ, ಆ ಊಹೆ ನಿಜವಾದರೆ, ನಮ್ಮ ಭಾಷೆಯ ಅತಿ ಹಳೆಯ ಲಿಖಿತ ಕುರುಹುಗಳಲ್ಲೊಂದು ಉಳಿದುಬಂದದ್ದು ಬೇರೆಯವರ ಸಮುದ್ರಸಾಹಸದೊಳಗೆ. ಅಲ್ಲಿ ನಮ್ಮವರು ಕುಡಿದು ತೂರಾಡುವ, ಮಾತು ಅರ್ಥವಾಗದ, ನಗೆಗೀಡಾದ ದಡದ ಜನ. ಹೆಮ್ಮೆಪಡುವ ಭರದಲ್ಲಿ ನಾವು ಈ ಭಾಗವನ್ನು ಮೆಲ್ಲನೆ ದಾಟಿಬಿಡುತ್ತೇವೆ.

ಆ ಪ್ರಹಸನದಿಂದ ‘ಸರ್ಪ್ರೈಸ್’ವರೆಗೆ ಹಡಗು ಬೇರೆಯವರದು. ಹಾಗಾದರೆ ನಮ್ಮವರು ಹಡಗೇರಲಿಲ್ಲವೇ?

ಏರಿದ್ದರು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದಲ್ಲಿ ದೊರೆತವು. ಅವನ ಸರಕನ್ನು ಹಡಗಿನಲ್ಲಿ ಏಡನ್ನಿಗೆ ಒಯ್ದು, ಅಲ್ಲಿಂದ ಸಾಮಾನು ಖರೀದಿಸಿ ತರುತ್ತಿದ್ದ ಒಬ್ಬ ಆಳಿನ ಹೆಸರು ಆ ಪತ್ರಗಳಲ್ಲಿದೆ. ಅಮಿತಾವ್ ಘೋಷ್ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬರೆಯುವಾಗ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರನ್ನು ‘ಬೊಮ್ಮ’ ಎಂದು ಗುರುತಿಸಿದರು. ಆ ಬೊಮ್ಮ ಏಡನ್ನಿನಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂದು ಅಲ್ಲಿನ ವರ್ತಕ ದೂರು ಬರೆದಿದ್ದಾನೆ. ಪರರ ದಾಖಲೆಯಲ್ಲಿ ಇಲ್ಲಿಯೂ ನಮ್ಮವನು ಕುಡಿದಿದ್ದಾನೆ! ಆದರೆ ಅದೇ ಬೊಮ್ಮ ಅರಬ್ಬೀ ಸಮುದ್ರವನ್ನು ದಾಟಿದವನು, ಬೇರೆ ದೇಶದ ಪೇಟೆಯಲ್ಲಿ ಯಜಮಾನನ ಲೆಕ್ಕ ನೋಡಿದವನು. ಅದೇ ದಶಕದಲ್ಲಿ ಕೀಶ್ ದ್ವೀಪದ ಅಮೀರನ ನೌಕೆಗಳು ಏಡನ್ ಬಂದರಿಗೆ ಮುತ್ತಿಗೆ ಹಾಕಿದ ಸಂಗತಿಯೂ ಆ ಪತ್ರವ್ಯವಹಾರದಲ್ಲಿದೆ. ಕಾದಂಬರಿಗೆ ಇನ್ನೇನು ಬೇಕು?

ಇನ್ನೂರು ವರ್ಷ ದಾಟಿ ಬನ್ನಿ. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಗೋವೆಯ ಮೇಲೆ ನೌಕಾದಂಡಯಾತ್ರೆ ಹೊರಟಾಗ ಇಬ್ನ್ ಬತೂತ ಜೊತೆಯಲ್ಲಿದ್ದ. ಹಿಂಭಾಗ ತೆರೆದುಕೊಳ್ಳುವ ಹಡಗುಗಳಲ್ಲಿ ಕುದುರೆಗಳನ್ನು ಒಯ್ದರು. ಸವಾರರು ಹಡಗಿನೊಳಗೇ ಕುದುರೆಯೇರಿ, ಕವಚ ತೊಟ್ಟು, ನೇರವಾಗಿ ದಡಕ್ಕೆ ಹಾರಿದರು ಎಂದು ಅವನು ಬರೆದಿದ್ದಾನೆ. ಇದು ನಡೆದದ್ದು ಇಂದು ನಾವು ಊರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ನೋಡುವ ಶರಾವತಿಯ ಅಳಿವೆಯಿಂದ ಹೊರಟ ಹಡಗುಗಳಲ್ಲಿ.

ನೆರೆಯ ಭಾಷೆಗಳು ತಮ್ಮ ಪಾಲನ್ನು ಎತ್ತಿಕೊಂಡಿವೆ. ಗುಜರಾತಿಯಲ್ಲಿ ಗುಣವಂತರಾಯ ಆಚಾರ್ಯ 1938ರಲ್ಲೇ ‘ದರಿಯಾಲಾಲ್’ ಬರೆದು ಕಚ್ಛಿ ವರ್ತಕರ ಜಂಜಿಬಾರನ್ನು, ಅಲ್ಲಿನ ಗುಲಾಮರ ವ್ಯಾಪಾರವನ್ನು, ಆ ವ್ಯಾಪಾರಕ್ಕೆ ಬೆನ್ನು ತಿರುಗಿಸಿದ ಒಬ್ಬ ಭಾರತೀಯನನ್ನು ಚಿತ್ರಿಸಿದರು. ತಮಿಳಿನಲ್ಲಿ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ದೋಣಿ ನಡೆಸುವ ಪೂಂಗುಳಲಿಯನ್ನು ಮನೆಮಾತಾಗಿಸಿತು. ಸಾಂಡಿಲ್ಯನ್ ಅವರ ‘ಕಡಲ್ ಪುರಾ’ ಚೋಳರ ಕಾಲದ ಹಡಗುಗಳನ್ನು ಶ್ರೀವಿಜಯದವರೆಗೆ ಒಯ್ದಿತು. ಚೆನ್ನೈಯಲ್ಲಿರುವ ನಮ್ಮ ಬಳಗದವರಿಗೆ ಆ ಪುಸ್ತಕಗಳ ಜನಪ್ರಿಯತೆಯನ್ನು ನಾನು ವಿವರಿಸಬೇಕಿಲ್ಲ. ಘೋಷ್ ಅವರೂ 2008ರ ‘ಸೀ ಆಫ್ ಪಾಪೀಸ್’ನಿಂದ ಮೊದಲಾದ ಮೂರು ಕಾದಂಬರಿಗಳಲ್ಲಿ ಅಫೀಮು ಮತ್ತು ಗಿರ್ಮಿಟಿಯರ ಹಡಗನ್ನು, ಲಷ್ಕರರೆಂಬ ಏಷ್ಯಾದ ನಾವಿಕರನ್ನು ಕಥೆಯ ನಡುವೆ ತಂದು ನಿಲ್ಲಿಸಿದರು.

ಕನ್ನಡದಲ್ಲಿ ನಾನು ಓದಿದ ಮಟ್ಟಿಗೆ ಕಡಲು ಬಹಳ ಇದೆ, ಹಡಗು ಕಡಿಮೆ. ‘ಮರಳಿ ಮಣ್ಣಿಗೆ’ಯ ಕೋಡಿಯಲ್ಲಿ ಕಡಲು ಗದ್ದೆಯ ಪಕ್ಕದ ಮನೆಯವನಂತೆ ಇದೆ, ಗೋಕಾಕರ ‘ಸಮುದ್ರಗೀತೆಗಳು’ ಕವಿಯೊಬ್ಬನ ಕಡಲು, ಇದೇ ಮುಂಬಯಿಯಲ್ಲಿ ಕುಳಿತು ಬರೆದ ಯಶವಂತ ಚಿತ್ತಾಲರ ಹನೇಹಳ್ಳಿಗೂ ಕಡಲಿನ ಗಾಳಿ ತಾಗುತ್ತದೆ. ಇವೆಲ್ಲ ನಮ್ಮ ಸಾಹಿತ್ಯದ ದೊಡ್ಡ ಸಾಧನೆಗಳು. ಆದರೆ ಇಲ್ಲೆಲ್ಲ ನಾವು ನಿಂತಿರುವುದು ದಡದಲ್ಲಿ. ತಿಂಗಳುಗಟ್ಟಲೆ ನೀರಿನ ಮೇಲೆಯೇ ಬದುಕಿ, ಅಲ್ಲಿಂದ ದಡವನ್ನು ನೋಡುವ ಇತಿಹಾಸದ ಕಾದಂಬರಿ ನಮ್ಮಲ್ಲಿ ಒಂದು ಪರಂಪರೆಯಾಗಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮಲ್ಲಿ ಬರೆದವರು ಹಡಗೇರಲಿಲ್ಲ, ಹಡಗೇರಿದವರಿಗೆ ಬರೆಯುವ ಅವಕಾಶ ಬರಲಿಲ್ಲ. ಸಮುದ್ರಯಾನದಿಂದ ಜಾತಿ ಕೆಡುತ್ತದೆಂದು ನಂಬಿದ್ದವರ ಕೈಯಲ್ಲಿ ಲೇಖನಿಯಿತ್ತು. ಮೊಗವೀರರು, ಖಾರ್ವಿಗಳು, ಅಂಬಿಗರು, ಬ್ಯಾರಿಗಳು, ನವಾಯತರು ಕಡಲನ್ನು ಬಲ್ಲವರಾಗಿದ್ದರು. ಅವರ ತಿಳಿವಳಿಕೆ ಬಾಯಿಂದ ಬಾಯಿಗೆ ಹರಿಯಿತು, ಕೆಲವರಲ್ಲಿ ಕನ್ನಡವಲ್ಲದ ಮನೆಮಾತಿನಲ್ಲಿ ಹರಿಯಿತು. ಹಾಗಾಗಿ ಬಸರೂರು, ಬಾರಕೂರು, ಭಟ್ಕಳ, ಮಿರ್ಜಾನಗಳಂತಹ ವ್ಯಾಪಾರದ ನೆಲೆಗಳಿದ್ದ ನಾಡಿನ ಐತಿಹಾಸಿಕ ಕಾದಂಬರಿ ಕೋಟೆಕೊತ್ತಲ, ಸಿಂಹಾಸನ, ಕುದುರೆಗಳ ಸುತ್ತಲೇ ಸುತ್ತಿತು.

ಕನ್ನಡದಲ್ಲಿ ಇದಕ್ಕೆ ಬೇಕಾದ ಪದಗಳಿಲ್ಲ ಎಂದು ಒಮ್ಮೆ ನಾನೂ ಹೇಳಿದ್ದುಂಟು. ನಮ್ಮ ಕಟ್ಟಡದಲ್ಲಿ ಕರಾವಳಿಯ ಹಿರಿಯರೊಬ್ಬರಿದ್ದರು. ಯೌವನದಲ್ಲಿ ಮಚ್ವೆಯಲ್ಲಿ ದುಡಿದು, ಬಳಿಕ ಸ್ಟೀಮರಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಜೀವನ ಸವೆಸಿದವರು. ಓಬ್ರಿಯನ್ನನ ಒಂದು ಪುಟವನ್ನು ಕನ್ನಡಕ್ಕೆ ತರಲು ಹೊರಟು ‘ನೌಕಾಸಹಾಯಕಾಧಿಕಾರಿ’ ಎಂಬಂತಹ ಪದಗಳನ್ನು ಕಟ್ಟಿ ಅವರ ಮುಂದೆ ಓದಿದೆ. ಅವರು ತಾಳ್ಮೆಯಿಂದ ಕೇಳಿ, “ಇದು ಯಾವ ಆಫೀಸಿನ ಕಾಗದ ಮಾರಾಯ್ರೆ?” ಎಂದರು. ಆಮೇಲೆ ಬೆರಳು ಮಡಚುತ್ತಾ ಒಂದೊಂದೇ ಹೇಳಿದರು: ತಂಡೇಲ, ಚುಕ್ಕಾಣಿ, ಹಾಯಿ, ಲಂಗರು, ಹುಟ್ಟು, ಧಕ್ಕೆ, ಅಳಿವೆ. ಯಾವ ಮಾಸದಲ್ಲಿ ಯಾವ ಗಾಳಿ, ಯಾವ ಬಣ್ಣದ ನೀರಿನ ಕೆಳಗೆ ಎಷ್ಟು ಆಳ ಎಂದು ಹೇಳುತ್ತಾ ಹೋದರು. ಕಾಗದ ಪೆನ್ನು ತರುತ್ತೇನೆಂದು ನಾನು ಏಳಲಿಲ್ಲ. ಇನ್ನೊಮ್ಮೆ ಕೇಳಿ ಬರೆದುಕೊಂಡರಾಯಿತು ಎಂದುಕೊಂಡೆ. ಆ ಇನ್ನೊಮ್ಮೆ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಬಹಳ ದಿನಗಳ ನಂತರ ತಿಳಿದದ್ದು: ಅವರು ಮೊದಲು ಹೇಳಿದ ‘ತಂಡೇಲ’ ಎಂಬ ಪದ ಹಳೆಯ ಬ್ರಿಟಿಷ್ ಹಡಗುಗಳಲ್ಲಿ ಲಷ್ಕರರ ಮುಂದಾಳುಗಳಲ್ಲೊಬ್ಬನಿಗೆ ‘ಟಿಂಡಲ್’ ಎಂಬ ರೂಪದಲ್ಲಿ ಬಳಕೆಯಲ್ಲಿತ್ತು. ಲಷ್ಕರರ ಮಾತು ಅಧಿಕಾರಿಗಳಿಗೆ ತಿಳಿಯಲೆಂದು ಥಾಮಸ್ ರೋಬಕ್ 1811ರಲ್ಲಿ ಕಲ್ಕತ್ತೆಯಿಂದ ನಿಘಂಟೊಂದನ್ನೇ ಹೊರತಂದಿದ್ದ. ಘೋಷ್ ತಮ್ಮ ಕಾದಂಬರಿಗಳಿಗೆ ಅದನ್ನು ಬಳಸಿಕೊಂಡಿದ್ದಾರೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಇಂದಿಗೂ ಬೆಳಗಿನ ಜಾವ ಕೂಗಿ ಕರೆಯುವ ಪದ ಆಬ್ರಿಯ ಕಾಲದ ಹಡಗುಗಳಲ್ಲಿ ಓಡಾಡುತ್ತಿತ್ತು. ನಮಗೆ ಪದಗಳಿಲ್ಲದೆ ಹೋಗಿರಲಿಲ್ಲ. ಕೇಳಿಸಿಕೊಳ್ಳುವ ವ್ಯವಧಾನ ನಮಗಿರಲಿಲ್ಲ.

ಇಷ್ಟೆಲ್ಲ ಯಾಕೆ, ಒಳ್ಳೆಯ ಸಾಹಸಕಥೆಯನ್ನು ಸುಮ್ಮನೆ ಓದಿ ಸಂತೋಷಪಡಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಓದೋಣ. ಹಡಗು ಸಾಮ್ರಾಜ್ಯದ್ದೆಂಬ ಕಾರಣಕ್ಕೆ ಆಬ್ರಿ ಮತ್ತು ಮ್ಯಾಚುರಿನ್ನರ ಸ್ನೇಹವನ್ನು, ದಿನದ ದುಡಿಮೆ ಮುಗಿದ ರಾತ್ರಿ ಕ್ಯಾಬಿನ್ನಿನಲ್ಲಿ ಒಬ್ಬ ಪಿಟೀಲು, ಇನ್ನೊಬ್ಬ ಚೆಲೊ ನುಡಿಸುತ್ತಾ ಕೂರುವ ಆ ಪುಟಗಳನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ತಪ್ಪು ಹುಡುಕುವುದಕ್ಕಾಗಿಯೇ ಓದುವುದು ಓದುಗನಿಗೇ ನಷ್ಟ. ಆದರೆ ಒಂದು ಪ್ರಕಾರವನ್ನು ನಿಜವಾಗಿ ಪ್ರೀತಿಸಿದವರು ಅದರ ಗುಟ್ಟನ್ನು ಕಲಿತುಕೊಳ್ಳಬೇಕು. ಕೆಲಸಕ್ಕೆ ಗೌರವ, ಗಾಳಿಗೆ ಗೌರವ, ಕೆಲಸಗಾರರ ಪದಗಳಿಗೆ ಗೌರವ, ದಾಖಲೆಗೆ ನಿಷ್ಠೆ: ಈ ನಾಲ್ಕರಿಂದ ಇಂಗ್ಲಿಷರ ಕಡಲು ಕಾದಂಬರಿಯಾಯಿತು. ಇವುಗಳಲ್ಲಿ ಯಾವುದೂ ಇಂಗ್ಲಿಷರ ಸ್ವತ್ತಲ್ಲ.

ಹೊರನಾಡಿನ ನಮಗೆ ಇದರಲ್ಲಿ ವಿಶೇಷವಾದ ಹಕ್ಕೂ ಇದೆ, ಹೊಣೆಯೂ ಇದೆ. ಮುಂಬಯಿಯ ಕನ್ನಡಿಗರಲ್ಲಿ ಹಳಬರು ಅನೇಕರು ಈ ನಗರಕ್ಕೆ ಬಂದದ್ದು ನೀರಿನ ದಾರಿಯಿಂದ. ಮಂಗಳೂರಿನಿಂದ ಹೊರಟು ಕರಾವಳಿಯ ಬಂದರುಗಳಲ್ಲಿ ನಿಲ್ಲುತ್ತಾ ಬರುವ ಸ್ಟೀಮರು. ದೊಡ್ಡ ಹಡಗು ದಡಕ್ಕೆ ಬರಲಾರದ ಕಡೆ ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ಡೆಕ್ಕಿನ ಮೇಲೆ ಚಾಪೆ, ಟ್ರಂಕು, ಅವಲಕ್ಕಿಯ ಗಂಟು. ಹದಿಮೂರು ಹದಿನಾಲ್ಕರ ಹುಡುಗರು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆಂದು, ತಿರುಗಿ ಯಾವಾಗ ಮನೆ ನೋಡುವೆವೆಂಬುದು ತಿಳಿಯದೆ, ಜೀವನದಲ್ಲಿ ಮೊದಲ ಬಾರಿಗೆ ತಮ್ಮ ಊರಿನ ದಡವನ್ನು ಹಡಗಿನ ಮೇಲಿಂದ ನೋಡಿದರು. ಅದು ಸಾಹಸವಲ್ಲವಾದರೆ ಸಾಹಸ ಎಂಬ ಪದಕ್ಕೆ ಅರ್ಥವೇನು? ಆ ನೋಟ ನಮ್ಮ ಗದ್ಯದಲ್ಲಿ ಅಲ್ಲಲ್ಲಿ ಒಂದೆರಡು ಸಾಲಾಗಿ ಉಳಿದಿದೆ. ಅದರ ಪೂರ್ಣ ಕಥೆ ಬಲ್ಲವರು ಈಗ ಎಂಬತ್ತು ದಾಟಿದ್ದಾರೆ.

ಆದ್ದರಿಂದ ನಮ್ಮ ಬಳಗದ ಮುಂದೆ ಎರಡು ಸಣ್ಣ ಕೆಲಸಗಳನ್ನು ಇಡುತ್ತೇನೆ. ಮೊದಲನೆಯದು, ಮುಂಬಯಿ, ಚೆನ್ನೈ, ಪುಣೆ ಎಲ್ಲೇ ಇರಲಿ, ಸ್ಟೀಮರಿನಲ್ಲಿ ಬಂದವರು ಅಥವಾ ಮಚ್ವೆ ದೋಣಿಗಳಲ್ಲಿ ದುಡಿದವರು ನಿಮ್ಮ ಪರಿಚಯದಲ್ಲಿದ್ದರೆ ಅವರ ಮಾತನ್ನು ಈ ಮಳೆಗಾಲ ಕಳೆಯುವುದರೊಳಗೆ ಧ್ವನಿಮುದ್ರಿಸಿ, ಪದಗಳನ್ನು ಅವರು ಹೇಳಿದ ಹಾಗೆಯೇ ಬರೆದಿಡಿ. ಎರಡನೆಯದು, ‘ದರಿಯಾಲಾಲ್’ ಆಗಲಿ, ‘ಕಡಲ್ ಪುರಾ’ ಆಗಲಿ, ಓಬ್ರಿಯನ್ನನ ಒಂದು ಅಧ್ಯಾಯವೇ ಆಗಲಿ, ಆ ಪದಗಳನ್ನಿಟ್ಟುಕೊಂಡು ಕನ್ನಡಕ್ಕೆ ತರಲು ಪ್ರಯತ್ನಿಸೋಣ. ಹಾಗೆ ಅನುವಾದಿಸುತ್ತಾ ಕೂತವರಲ್ಲಿ ಯಾರಿಗಾದರೂ ಒಂದು ದಿನ, ಮಂಗಳೂರಿನಿಂದ ಏಡನ್ನಿಗೆ ಹೊರಟ ಹಡಗಿನ ಮೇಲೆ ನಿಂತ ಬೊಮ್ಮನು ಹಿಂದೆ ಸರಿಯುತ್ತಿರುವ ದಡವನ್ನು ನೋಡಿ ಏನೆಂದುಕೊಂಡಿರಬಹುದು ಎಂಬ ಪ್ರಶ್ನೆ ಬರಲಿ. ನಾನು ನನ್ನ ಪಾಲಿಗೆ, ಮುಂದಿನ ಭಾನುವಾರ ಒಬ್ಬರು ಹಿರಿಯರನ್ನು ಕಾಣಲು ಡೊಂಬಿವಲಿಗೆ ಹೋಗುತ್ತಿದ್ದೇನೆ. ಈ ಸಲ ಕಾಗದ ಪೆನ್ನು ಮೊದಲೇ ಚೀಲದಲ್ಲಿ ಹಾಕಿಟ್ಟುಕೊಂಡಿದ್ದೇನೆ.